ಗುಜರಿಗೆ ಹಾಕಿದ್ದ ವಾಲ್ವು

ಮೂರನೇ ವಾಲ್ವು ಹಾಕಿದಾಗಲೂ ಆಂಪ್ಲಿಫೈಯರ್ ಕುಯ್ಯೋ ಎಂದು ಕಿರುಚಿತು. ಪುಷ್ಪಾ ಮೌತ್ ಆರ್ಗನ್ನನ್ನೂ ಅದಕ್ಕೆ ಒತ್ತಿ ಹಿಡಿದಿದ್ದ ಮೈಕನ್ನೂ ಕೆಳಗಿಳಿಸಿದಳು. ಸಂಜೆ ಹುಣಸೂರಿನಲ್ಲಿ ಅವಳ ಮೊದಲ ಕಾರ್ಯಕ್ರಮ. ಸಾಲಿಗ್ರಾಮದಲ್ಲಿ ಮೂವತ್ತು ವರ್ಷದಿಂದ ಮೈಕ್ ಸೆಟ್ ಅಂಗಡಿ ನಡೆಸುತ್ತಿದ್ದ ಕಂಠಪ್ಪನಿಗೆ ಮುಖ ಎತ್ತಲಾಗಲಿಲ್ಲ. ದನಿ ಹೆಚ್ಚಿಸುವ ಈ ಗಾಜಿನ ವಾಲ್ವುಗಳಲ್ಲಿ ಇದ್ದುದರಲ್ಲೇ ಜೋರಾದವನ್ನು ಆರಿಸಿ ಹಾಕಿದ್ದ.

"ಬಾಯ್ಗೇ ಮೈಕು ಒತ್ಕೊಂಡು ಊದೋರಿಗೆ ಜೋರಿಂದು ಯಾಕ್ರೀ?" ಎಂದಳು ಹೆಂಡತಿ ಸುಂದ್ರಮ್ಮ. ಅವಳ ಕೈಯಲ್ಲಿ ಸೀರೆಯ ಚೂರು ಸುತ್ತಿದ್ದ ಹಳೇ ವಾಲ್ವು. ಶಕ್ತಿ ಸಾಲದೆಂದು ಅವನು ಗುಜರಿಗೆ ಹಾಕಿದ್ದನ್ನು ಅವಳು ಎತ್ತಿಟ್ಟುಕೊಂಡಿದ್ದಳು.

"ಇದ್ರಲ್ಲಿ ಏನದೆ ಮಣ್ಣು" ಎಂದು ಗೊಣಗುತ್ತಲೇ ಕಂಠಪ್ಪ ಅದನ್ನು ಕೂರಿಸಿದ. ಪುಷ್ಪಾ ಊದಿದಳು. ಕಿರುಚಾಟವೇ ಇಲ್ಲ. ದುಂಡನೆಯ, ತುಂಬಿದ ದನಿ ಅಂಗಡಿ ದಾಟಿ ಬೀದಿಗೆ ಹರಿಯಿತು. "ಇದೇ ಕಣ್ರೀ, ಸುಂದ್ರಮ್ಮಾರೇ, ನಂಗೆ ಬೇಕಾಗಿದ್ದು!" ಎಂದು ಅವಳು ಸುಂದ್ರಮ್ಮನ ಕೈ ಹಿಡಿದುಕೊಂಡಳು.

ಕಂಠಪ್ಪ ಇಷ್ಟು ವರ್ಷ ಹೆಂಡತಿಗೂ ಮುಟ್ಟಗೊಡದ ಹಳೇ ವಾಲ್ವುಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಧೂಳೊರೆಸಿ, ಅವಳ ಮುಂದಿಟ್ಟ.

"ಮೇಡಮ್ಮೋರಿಗೆ ಸ್ಪೇರ್ ಒಂದು ಬೇಕು. ನೀನೇ ಆರ್ಸ್ಕೊಡು ಕಣಮ್ಮಿ."