ಮೂರೆಳೆ ಬೆಳ್ಳುಳ್ಳಿ ಸರ

ಮೂರ್ತಪ್ಪ ಅಂಗಿ ತೊಡುವುದಕ್ಕೆ ಮೊದಲೇ ಅವನ ತಾಯಿ ದುರ್ಗಮ್ಮ ಬೆಳ್ಳುಳ್ಳಿ ಎಸಳು ಪೋಣಿಸಿದ ಸರ ತಂದು ಮಗನ ಕೊರಳಿಗೆ ಹಾಕಿದಳು.

"ಅವ್ವಾ, ಇದು ನೆಗಡಿ ಆದ ಕೂಸಿಗೆ ಹಾಕೋದು. ನಂಗೆ ನಲವತ್ತಾಯ್ತು."

"ಕೂಸಿಗೆ ಒಂದೆಳೆ ಸಾಕು. ನಿಂಗೆ ಮೂರೆಳೆ ಹಾಕಿದೀನಿ, ಸುಮ್ನಿರು."

ಕಾರ್ಖಾನೆಯ ಫರ್ನೇಸಿನ ಮುಂದೆ ಮೂರ್ತಪ್ಪನಿಗೆ ಎರಡು ಸಲ ತಲೆ ಸುತ್ತಿತ್ತು. ಶಿವಮೊಗ್ಗದ ಡಾಕ್ಟರಿಂದ 'ಪ್ರೆಷರ್ ಸರಿಯಿದೆ' ಎಂದು ಚೀಟಿ ತಂದರೆ ಮಾತ್ರ ಮತ್ತೆ ಕೆಲಸ. ಬೆಳ್ಳುಳ್ಳಿ ಪ್ರೆಷರ್ ಇಳಿಸುತ್ತದೆಂದು ಯಾರೋ ಹೇಳಿದ್ದೇ ತಡ, ಭದ್ರಾವತಿಯ ಆ ಪುಟ್ಟ ಮನೆಯಲ್ಲಿ ಅದರದೇ ದರ್ಬಾರು. ಅವನು ಬೆಳಗ್ಗೆ ಹಸಿ ಎಸಳು ಜಗಿದ, ಮಧ್ಯಾಹ್ನ ಸುಟ್ಟದ್ದು ತಿಂದ, ರಾತ್ರಿ ಹಾಲಿನಲ್ಲಿ ಬೇಯಿಸಿದ್ದನ್ನು ಕುಡಿದ. ಸುಲಿದು ಸುಲಿದು ಹೆಂಡತಿ ಜಲಜಮ್ಮನ ಬೆರಳ ತುದಿ ಉರಿಯುತ್ತಿತ್ತು. ಅವನು ಮೊನ್ನೆ ಬಚ್ಚಲಲ್ಲಿ ಮತ್ತೆ ತಲೆ ಸುತ್ತಿ ಬಿದ್ದದ್ದು ಅವಳೊಬ್ಬಳಿಗೇ ಗೊತ್ತು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ನಿಜ ಹೊರಗೆ ಬರುತ್ತದೆ ಎನ್ನುವುದೇ ಅವಳ ಧೈರ್ಯ. ಪಟ್ಟಿ ಕಟ್ಟಲು ಅಂಗಿಯ ತೋಳು ಮಡಚಿದರೆ ಇಸ್ತ್ರಿ ಮುದುಡಿಹೋಗುತ್ತದೆಂದು ಗೊತ್ತಿದ್ದೂ, ಚೊಂಬಿಗೆ ಕೆಂಡ ತುಂಬಿ ಅಂಗಿಯ ತೋಳಿಗೆ ಗೆರೆ ಬರುವ ಹಾಗೆ ಇಸ್ತ್ರಿ ಮಾಡಿಕೊಟ್ಟಿದ್ದಳು.

ಗಂಡ ಹೆಂಡತಿ ಶಿವಮೊಗ್ಗದ ರೈಲು ಹತ್ತಿದರು. ಬಿಸಿಲೇರಿದಂತೆ ಅಂಗಿಯೊಳಗಿನ ಸರ ಬೆವರಿತು. "ಒಗ್ಗರಣೆ ಹೊತ್ಕೊಂಡು ಬಂದೋರು ಯಾರ್ರೀ?" ಎಂದು ಒಬ್ಬರು ಎದ್ದು ಹೋದರು. ಅವರ ಹಿಂದೆ ಉಳಿದವರೂ ಹೋದರು. ಮೂರ್ತಪ್ಪ ಕಾಲು ಚಾಚಿದ. "ನೋಡ್ದ್ಯಾ ಮಾರಾಯ್ತಿ, ಈವತ್ತು ಎಲ್ಲಾ ನಮ್ಮ ಕಡೆಗೇ ಇದೆ."

ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ ಜಲಜಮ್ಮನಿಗೆ ಪರದೆಯ ಆಚೆಯ ಮಾತು ಕೇಳಿಸುತ್ತಿತ್ತು.

"ಅಂಗಿ ಗುಂಡಿ ಬಿಚ್ಚಿ." ಆಮೇಲೆ ಕಿಟಕಿ ದಡಾರನೆ ತೆರೆದ ಸದ್ದು. "ಬೇಡ, ಬೇಡ. ಹಾಕ್ಕೊಳ್ಳಿ. ಅಲ್ಲೇ ನಿಂತ್ಕೊಳ್ಳಿ. ತಲೆ ಸುತ್ತುತ್ತಾ?"

"ಇಲ್ಲ ಸಾರ್."

"ನಂಗೆ ಸುತ್ತುತ್ತಾ ಇದೆ. ನೀವು ಚೆನ್ನಾಗಿದೀರಿ. ಚೀಟಿ ತಗೊಂಡು ಹೊರಡಿ."

ಮೂರ್ತಪ್ಪ ನಗುನಗುತ್ತಾ ಬೀದಿಗಿಳಿದ. ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಗಾಳಿಗೆಂದು ಹೊರಗೆ ಬಂದರು. ಪರಗಂಡಸರ ಎದುರು ಬಾಯಿ ಬಿಡದ ಜಲಜಮ್ಮ ಸೆರಗು ಬಿಗಿಮಾಡಿಕೊಂಡು ಎದ್ದಳು.

"ಡಾಕ್ಟ್ರೇ, ಇವರು ಬಚ್ಚಲಲ್ಲಿ..." ಎಂದು ಕೈ ಮುಗಿದಳು.

ಮುಗಿದ ಕೈಯಿಂದ ಬಂದ ವಾಸನೆಗೆ ಡಾಕ್ಟರು ಹಿಂದೆ ಸರಿದರು. "ನೀವೂನಾ ತಾಯಿ?" ಎಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ವಾಪಸು ಬರುವಾಗ ರೈಲಿನಲ್ಲಿ ಮೂರ್ತಪ್ಪ ಚೀಟಿಯನ್ನು ಮತ್ತೆ ಮತ್ತೆ ಬಿಡಿಸಿ ನೋಡಿದ.

"ತೋಳಿಗೆ ಪಟ್ಟಿ ಕಟ್ಟಲೇ ಇಲ್ವಲ್ರೀ," ಎಂದಳು ಅವಳು.

"ಅದೇ ಕಣೇ ಬೆಳ್ಳುಳ್ಳಿ ಮಹಿಮೆ. ಕಟ್ಟೋ ಅಗತ್ಯಾನೇ ಬೀಳ್ಲಿಲ್ಲ. ನಾಳೆ ಫರ್ನೇಸಿಗೆ ಹೋಗ್ತೀನಿ."

ಭದ್ರಾವತಿ ಬಂತು. ಪ್ಲಾಟ್‌ಫಾರಮ್ಮಿಗೆ ಇಳಿದವನು ಎರಡು ಹೆಜ್ಜೆ ಇಟ್ಟು ಒಂದು ಕಡೆಗೆ ವಾಲಿದ. ದೀಪದ ಕಂಬವನ್ನು ತಬ್ಬಿ ಹಿಡಿದುಕೊಂಡು, ಕಣ್ಣು ಮುಚ್ಚಿಯೇ ಹೇಳಿದ:

"ಏನಿಲ್ಲ. ರಾತ್ರಿ ಹಾಲಿಗೆ ಇನ್ನೆರಡು ಎಸಳು ಜಾಸ್ತಿ ಹಾಕು."

ಬೆಳಗಿನಿಂದ ನೆಟ್ಟಗೇ ಇದ್ದ ಇಸ್ತ್ರಿಯ ಗೆರೆ, ಕಂಬ ಬಳಸಿದ ಆ ತೋಳಿನಲ್ಲಿ ಆಗ ಮೊದಲ ಸಲ ಮುರಿಯಿತು.