ಫ್ಯಾನಿನ ಪಿನ್ನಿಗೆ ಇಬ್ಬರು ಯಜಮಾನರು

ಹಾಲಿನ ಕೊಬ್ಬು ಅಳೆಯುವ ಯಂತ್ರದ ಫ್ಯಾನನ್ನು ನಡೆಸಲು ಸರ್ಕ್ಯೂಟ್ ಬೋರ್ಡಿನಲ್ಲಿದ್ದದ್ದು ಒಂದೇ ಪಿನ್ನು. ಕರೆಂಟು ಬಂದೊಡನೆ ಗುರುಪಾದ ಬರೆದ ಫರ್ಮ್‌ವೇರು, ಅಂದರೆ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮು, ಮೊದಲು ಎದ್ದು ಅದನ್ನು ಸಿದ್ಧಪಡಿಸುತ್ತಿತ್ತು. ಹಿಂದೆಯೇ ಎದ್ದು ಯಂತ್ರವನ್ನು ನಡೆಸುವ, ರೇವತಿ ಬರೆದ ಪ್ರೋಗ್ರಾಮು, ಕರ್ನೆಲ್ ಡ್ರೈವರು, ಅದೇ ಪಿನ್ನನ್ನು ತನಗೆ ಬೇಕಾದಂತೆ ಬದಲಿಸುತ್ತಿತ್ತು. ಫ್ಯಾನು ಗರ್ರೆಂದು ಶುರುವಾಗಿ ಮೂರೇ ಸೆಕೆಂಡಿಗೆ ನಿಲ್ಲುತ್ತಿತ್ತು.

"ನಾನು ಸರಿಯಾಗಿ ಇಟ್ಟಿದ್ದನ್ನ ನೀವ್ಯಾಕ್ರೀ ಮುಟ್ತೀರ?" ಎಂದು ಗುರುಪಾದ ವಾರವಿಡೀ ಕೂಗಾಡಿದ.

"ಬಾಗಿಲು ತೆಗೆಯೋದಷ್ಟೇ ನಿಮ್ ಕೆಲ್ಸ. ಆಮೇಲೆ ಮನೆ ನಂದು," ಎಂದು ರೇವತಿಯೂ ಬಿಡಲಿಲ್ಲ.

ಶುಕ್ರವಾರ ಡೇರಿಯವರು ಯಂತ್ರ ನೋಡಲು ಬಂದರು. ಫ್ಯಾನು ನಿಂತರೆ ಆರ್ಡರು ಕೈತಪ್ಪಿದಂತೆಯೇ. ಆಗಷ್ಟೇ ಕೋಡಿನಲ್ಲಿ ಒಂದು ಸಾಲು ತಿದ್ದಿದ್ದ ರೇವತಿ ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು, ನಿಲ್ಲಲೇ ಇಲ್ಲ. ಡೇರಿಯವರು ಒಪ್ಪಿ ಹೋದರು.

"ನೋಡಿದ್ರಾ? ನಾನು ತಿದ್ದಿದ್ದು ಒಂದೇ ಸಾಲು!" ಎಂದಳು ರೇವತಿ.

"ನಿಮ್ದೇನ್ರೀ ಬಂತು? ಬೆಳಗ್ಗೆ ನಾನು ಫರ್ಮ್‌ವೇರಲ್ಲೇ ಆ ಪಿನ್ನಿಗೆ ಬೀಗ ಹಾಕಿದ್ದೆ. ನಿಮ್ ಡ್ರೈವರಿಗೆ ಅದನ್ನ ಅಲ್ಲಾಡಿಸೋಕೂ ಆಗ್ಲಿಲ್ಲ!"

ಕೊನೆಗೆ ಇಬ್ಬರೂ ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ಫಿಲೋಮಿನಮ್ಮನ ಬೆಂಚಿಗೆ ಹೋಗಿ ನಿಂತರು.

"ನೀವೇ ಹೇಳಿ ಫಿಲೋಮಿನಮ್ಮ, ಫ್ಯಾನು ತಿರುಗಿದ್ದು ಯಾರಿಂದ?" ಎಂದಳು ರೇವತಿ.

ಆಕೆ ಕನ್ನಡಕವನ್ನು ಹಣೆಗೇರಿಸಿದರು. "ನಿಮ್ಮಿಬ್ರ ಗಲಾಟೆ ತಡೀಲಾರ್ದೆ, ಬೆಳಗ್ಗೆ ಬಂದವಳೇ ಆ ಪಿನ್ನಿಂದ ವೈರು ಬಿಡಿಸಿ, ಫ್ಯಾನನ್ನ ನೇರವಾಗಿ ಕರೆಂಟಿಗೇ ಸೇರಿಸಿಬಿಟ್ಟೆ."