ಗೋಡೆಗೆ ಹತ್ತಿದ ಮ್ಯಾನೇಜರ್

ಮ್ಯಾನೇಜರ್ ತನ್ನದೇ ಮುಖಗಳನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಇಸ್ಪೀಟೆಲೆಗಳಂತೆ ಬಡಿದು ಬಡಿದು ಹಾಕಿದ. ಒಂದರಲ್ಲಿ ಬಾಯಿ ಕೊರಳಿಗೆ ಜಾರಿತ್ತು. ಇನ್ನೊಂದರಲ್ಲಿ ಎರಡೂ ಕಣ್ಣು ಒಂದೇ ಗುಳಿಯಲ್ಲಿ ಜಾಗಕ್ಕಾಗಿ ಜಗಳಾಡುತ್ತಿದ್ದವು. ಮತ್ತೊಂದರಲ್ಲಿ ಕಿವಿಯೊಳಗಿಂದ ಹಲ್ಲು ಮೊಳೆತಿತ್ತು. ಅಷ್ಟೂ ಪೋಸ್ಟರುಗಳನ್ನು ಗಾರ್ಮೆಂಟ್ ಕಾರ್ಖಾನೆಯ ಕಾಂಪೌಂಡ್ ಗೋಡೆಯಿಂದ ಕಿತ್ತು ತಂದಿದ್ದ. ಬೆನ್ನಿಗೆ ಅಂಟು ಇನ್ನೂ ಹಸಿ.

ಅದೇ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುವ ಹೆಂಗಸು ಬಾಗಿಲ ಬಳಿ ನಿಂತಿದ್ದಳು. ಯಾವುದನ್ನೂ ಅಲ್ಲಗಳೆಯಲಿಲ್ಲ. ಹೌದು, ಅಂಟಿಸಿದ್ದು ತಾನೇ. ಕಂಪನಿಯ ಜಾಹೀರಾತಿನಲ್ಲಿ ಕೋಟು ಹಾಕಿಕೊಂಡು ನಗುವ ಸಾಹೇಬರ ಫೋಟೋವನ್ನು ಮೊಬೈಲಿಗೆ ಇಳಿಸಿ, ಮುಖ ತಿರುಚುವ ಆ್ಯಪಿಗೆ ಹಾಕಿ, ಕೆನ್ನೆಯನ್ನು ಬೆರಳಲ್ಲಿ ಎಳೆದರೆ ನಾದಿದ ಹಿಟ್ಟಿನ ಹಾಗೆ ಬರುತ್ತದೆ. ಮೊದಮೊದಲು ಮೂಗಷ್ಟೇ ಎಳೆದಿದ್ದಳು. ಆಮೇಲೆ ಕೈ ಕುದುರಿತು.

ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಹಿಂಬಾಗಿಲಿಗೆ ಬೀಗ ಜಡಿದಿತ್ತು. ಆ ಬಾಗಿಲ ಬುಡದಲ್ಲಿ ಸತ್ತವರಲ್ಲಿ ಅವಳ ತಮ್ಮನೂ ಒಬ್ಬ. ಬೀಗ ಹಾಕಿದ್ದು ಯಾರು? ಮ್ಯಾನೇಜರ್ ಅಂದು ಆ ಕಡೆ ತಲೆಯೇ ಹಾಕಿರಲಿಲ್ಲವಂತೆ, ಪರವೂರಿನಲ್ಲಿದ್ದನಂತೆ. ಪ್ರಮಾಣ ಮಾಡಿ ಹೇಳಿದ್ದ. ಇದೇ ಇನ್‌ಸ್ಪೆಕ್ಟರ್ ಸಾಕ್ಷಿ ಸಾಲದೆಂದು ಕೈ ತೊಳೆದುಕೊಂಡಿದ್ದ.

ಈಗ ಮ್ಯಾನೇಜರನಿಗೆ ಮಾನದ ಚಿಂತೆ. ದಾರ ಕತ್ತರಿಸುವ ಹುಡುಗಿಯರೂ ತನ್ನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ ಎಂದು ಗೋಳಾಡಿದ. ಇವಳನ್ನು ಒಳಗೆ ಹಾಕಿ ಎಂದ. ಕ್ಷಮೆ ಕೇಳಿ ಮುಗಿಸಿಬಿಡಮ್ಮ ಎಂದ ಇನ್‌ಸ್ಪೆಕ್ಟರ್.

ಅವಳು ಒಪ್ಪಿದಳು. ಆದರೆ ರಾಶಿಯಿಂದ ಒಂದನ್ನು ಎತ್ತಿ ಪಕ್ಕಕ್ಕಿಟ್ಟಳು. ಎಲ್ಲಕ್ಕಿಂತ ಘೋರವಾದದ್ದು ಅದು. ಮುಖವೆಂಬುದು ಕರಗಿದ ಮೇಣ. ಒಂದು ಕಣ್ಣು ಭುಜದತನಕ ಹರಿದಿತ್ತು. ಕೋಟಿಲ್ಲ, ಚೌಕಳಿ ಅಂಗಿ.

"ಇದು ಇವರದ್ದಲ್ಲ ಸಾರ್. ಇದಕ್ಕೆ ಮಾತ್ರ ನಾನು ಕ್ಷಮೆ ಕೇಳಲ್ಲ."

ಮ್ಯಾನೇಜರ್ ಉರಿದುಬಿದ್ದ. "ಯಾರ ಕಿವಿಗೆ ಹೂ ಇಡ್ತೀಯಮ್ಮಾ? ಇದು ನಾನೇ. ಅಂಗಿ ನಂದು, ನನ್ನ ಹೆಂಡ್ತಿ ಹೊಲಿಸಿಕೊಟ್ಟಿದ್ದು. ಕಿವಿ ಕೆಳಗಿನ ಮಚ್ಚೆ ನೋಡು, ಇಲ್ಲಿ ನೋಡು."

ಮಚ್ಚೆ ಯಾರಿಗೆ ಬೇಕಾದರೂ ಇರಬಹುದಲ್ಲ ಎಂದಳು. ಅಷ್ಟು ಸಾಕಾಯಿತು. ಕತ್ತು ತಿರುಗಿಸಿ ಎಲ್ಲರಿಗೂ ಮಚ್ಚೆ ತೋರಿಸಿದ. ಅಂಗಿಯನ್ನು ಬೇಕಾದರೆ ಮನೆಯಿಂದ ತರಿಸುತ್ತೇನೆ ಎಂದ. ಇದು ತಾನೇ ಎಂದು ಪೇದೆಯಿಂದ ಬರೆಸಿದ, ಓದಿಸಿ ಕೇಳಿದ, ಕಾಗದ ತೂತಾಗುವಂತೆ ಒತ್ತಿ ಸಹಿ ಜಡಿದ.

ಆಗ ಅವಳು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟಳು. ಅದೇ ಮೇಣದ ಮುಖ, ಅದೇ ಚೌಕಳಿ ಅಂಗಿ. ಗೋಡೆಗೆ ಅಂಟಿಸುವಾಗ ಕತ್ತರಿಸಿದ್ದ ಕೆಳಭಾಗವೂ ಇತ್ತು: ಎರಡು ಕೈ, ಒಂದು ಬೀಗ, ಕಾರ್ಖಾನೆಯ ಹಿಂಬಾಗಿಲು. ಫೋಟೋದ ಅಡಿಯಲ್ಲಿ, ಬೆಂಕಿ ಬಿದ್ದ ದಿನದ ತಾರೀಖಿನಲ್ಲಿ, ತಮ್ಮ ಕಳಿಸಿದ್ದ ಸಾಲು: ಅಕ್ಕಾ, ಇವತ್ತೂ ಬೀಗ ಹಾಕ್ತಿದಾನೆ ನೋಡು.

"ಇದನ್ನ ನಾನು ಮುಟ್ಟೇ ಇಲ್ಲ ಸಾರ್. ಕದ್ದು ತೆಗೆಯೋವಾಗ ತಮ್ಮನ ಕೈ ಅಲುಗಿತ್ತು; ಮುಖ ಯಾರದ್ದು ಅಂತ ಹೇಳೋರು ಬೇಕಿತ್ತು, ಅಷ್ಟೆ."